ಕೊಟ್ರಪ್ಪನವರು ರಿಕ್ಯೂಸ್ ಆದದ್ದು

ಲಕ್ಷ್ಮೇಶ್ವರದ ಬಜಾರಿನಲ್ಲಿ ಕೊಟ್ರಪ್ಪನವರ ದಲಾಲಿ ಅಂಗಡಿ ನನ್ನ ಅಂಗಡಿಯ ಪಕ್ಕದಲ್ಲೇ ಇದೆ. ರೈತರ ಶೇಂಗಾ, ಗೋವಿನಜೋಳ ತೂಗಿ ಮಾರಿಸುವುದು ಅವರ ಕಸುಬು; ಮಂದಿಯ ಜಗಳ ಬಿಡಿಸುವುದು ಚಟ. ಅಣ್ಣತಮ್ಮಂದಿರ ಪಾಲಿರಲಿ, ಗಂಡಹೆಂಡಿರ ಮುನಿಸಿರಲಿ, ಪಂಚರ ಜಮಖಾನದ ನಟ್ಟನಡುವೆ ಅವರೇ ಕೂಡಬೇಕು. ಸುತ್ತಲಿನ ಹಳ್ಳಿಗಳಲ್ಲಿ ಅವರಿಗೆ ನೆಂಟರಲ್ಲದವರೇ ಇಲ್ಲ. "ನಮ್ಮವರದೀರಿ, ಅದಕ್ಕಽ ಕರಿಯಾಕ ಬಂದೇವ್ರಿ" ಎಂದು ಎರಡೂ ಕಡೆಯವರು ಬರುತ್ತಿದ್ದರು. ನಮ್ಮಲ್ಲಿ ಪಂಚನಾಗಲು ಬೇಕಾದ ಯೋಗ್ಯತೆಯೇ ಅದು. ಗುರುತು ಪರಿಚಯ ಇಲ್ಲದವನ ಮಾತಿಗೆ ಯಾರು ತಲೆ ಬಾಗುತ್ತಾರೆ?

ಇಂಥ ಮನುಷ್ಯನನ್ನು ಕೆಡಿಸಿದ್ದು ಟಿವಿ. ಯಾರೋ ನ್ಯಾಯಾಧೀಶರು ಒಂದು ಮೊಕದ್ದಮೆಯಿಂದ ರಿಕ್ಯೂಸ್ ಆದರು ಎಂದು ಸುದ್ದಿ ಬಂತು. ಗದಗಿನಲ್ಲಿ ಕಾನೂನು ಓದುವ ಮೊಮ್ಮಗಳು ಅಂಕಿತಾ ಅಲ್ಲೇ ಕೂತಿದ್ದಳು.

"ಹಂಗಂದ್ರ ಏನವಾ?" ಎಂದು ಕೇಳಿದರು ಕೊಟ್ರಪ್ಪನವರು.

"ಅಜ್ಜಾ, ಕೇಸಿನ್ಯಾಗ ತಮ್ಮ ಪೈಕಿಯವರು ಇದ್ರ, ಇಲ್ಲಾ ತಮ್ಮ ಲಾಭ-ಲುಕ್ಸಾನ ಏನರ ಇದ್ರ, ಈ ನ್ಯಾಯ ನಾ ಹೇಳಂಗಿಲ್ಲ ಅಂತ ಜಡ್ಜರು ತಾವಽ ಹಿಂದ ಸರೀತಾರ."

"ಹಿಂದ ಸರದ್ರ ಮಂದಿ ಬೈಯಂಗಿಲ್ಲೇನು?"

"ಬೈಯೋದೇನು? ಭಾಳ ದೊಡ್ಡ ಮನುಷ್ಯಾ ಅಂತಾರ."

ಕೆಲಸವನ್ನೂ ತಪ್ಪಿಸಿಕೊಂಡು ದೊಡ್ಡಸ್ತಿಕೆಯನ್ನೂ ಗಳಿಸುವ ಇಂಥದೊಂದು ಉಪಾಯ ಇಂಗ್ಲಿಷಿನಲ್ಲಿದೆ ಎಂಬುದು ಇಷ್ಟು ವರ್ಷ ತಿಳಿದಿರಲಿಲ್ಲವಲ್ಲ ಎಂದು ಅವರಿಗೆ ಹಳಹಳಿಯಾಯಿತು. ಮರುದಿನದಿಂದಲೇ ಶುರು. ಬದನೆಕಾಯಿಯೋ ಹೀರೆಕಾಯಿಯೋ ಎಂದು ಹೆಂಡತಿ ಕೇಳಿದರೆ, "ಬದ್ನಿಕಾಯಿ ಅಂದ್ರ ನನಗ ಜೀವ. ಹಿಂಗಾಗಿ ನಾ ರಿಕ್ಯೂಸ್" ಎಂದರು. ಆಕೆ ಹೀರೆಕಾಯಿ ಮಾಡಿದಳು. ಮುಖ ಹುಳ್ಳಗೆ ಮಾಡಿಕೊಂಡು ಉಂಡರು. ಅತ್ತೆಸೊಸೆಯರ ಜಗಳಕ್ಕೂ ರಿಕ್ಯೂಸ್, ಮಗ ಹೊಸ ಬೈಕಿನ ಮಾತು ತೆಗೆದರೂ ರಿಕ್ಯೂಸ್. ನನಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅಷ್ಟರಲ್ಲಿ ಅಡರಕಟ್ಟಿಯಿಂದ ಅವರ ತಂಗಿ ಗುರುಸಿದ್ದವ್ವನ ಫೋನ್ ಬಂತು. ಗಂಡ ತೀರಿದ ಮೇಲೆ ತಾನೇ ನಿಂತು ಹೊಲ ಮಾಡಿಸುವ ಗಟ್ಟಿ ಹೆಂಗಸು. ಆಕೆಯ ಹೊಲಕ್ಕೆ ಹೋಗಬೇಕಾದರೆ ಸಕ್ರಪ್ಪನ ಹೊಲದ ಬದುವಿನ ಮೇಲೆ ಹಾಯಬೇಕು. ಸಕ್ರಪ್ಪ ತನ್ನ ಹೊಲವನ್ನು ಗಾಳಿಯಂತ್ರದ ಕಂಪನಿಗೆ ಲೀಸಿಗೆ ಕೊಡುವವನಿದ್ದ. ಇಲ್ಲಿ ದಾರಿ ಎಂಬುದೇ ಇರಲಿಲ್ಲ ಎಂದು ಬದುವಿಗೆ ಮುಳ್ಳು ಬಡಿಸಿದ್ದ. ಅದು ರೂಢಿಯ ದಾರಿ, ನಕಾಶೆಯಲ್ಲಿಲ್ಲ. ಬಿತ್ತುವ ಹಂಗಾಮು ಎದುರಿಗೇ ಇತ್ತು. ದಾರಿ ಹೋದರೆ ಹೊಲ ಬೀಳು. ಕಂಪನಿಯ ಅಧಿಕಾರಿ ತಮಿಳುನಾಡಿನವರು, ಸಭ್ಯಸ್ಥರು. ದಾರಿ ಇತ್ತೆಂದು ಹಿರಿಯರು ಹೇಳಿದರೆ ಅಷ್ಟು ಬಿಟ್ಟು ಬೇಲಿ ಹಾಕುತ್ತೇವೆ ಎಂದಿದ್ದರು.

ತೊಡಕು ಏನೆಂದರೆ, ಸಕ್ರಪ್ಪ ಕೊಟ್ರಪ್ಪನವರ ಬೀಗ. ಅವರ ಮಗಳು ಶಾಂಭವಿ ಆ ಮನೆಯ ಸೊಸೆ.

ಪಂಚಾಯ್ತಿಗೆ ಹೋಗುವಾಗ ನನ್ನನ್ನೂ ಕಾರಿನಲ್ಲಿ ಹತ್ತಿಸಿಕೊಂಡರು. ದಾರಿಯಲ್ಲಿ ಮೆಲ್ಲಗೆ, "ನ್ಯಾಯ ತಂಗಿ ಕಡೆ ಐತಿ. ನನಗ ಗೊತ್ತೈತಿ. ಆದ್ರ ಶಾಂಭವಿ ಆ ಮನ್ಯಾಗ ಉಣ್ಣಬೇಕಲ್ಲೋ" ಎಂದರು. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಸಕ್ರಪ್ಪನ ಮನೆಯ ಕಟ್ಟೆಯ ಮೇಲೆ ಜಮಖಾನ ಹಾಸಿತ್ತು. ಕೊಟ್ರಪ್ಪನವರು ಕೂಡಲಿಲ್ಲ. ನಿಂತೇ ಕೈ ಮುಗಿದರು.

"ಗುರುಸಿದ್ದವ್ವ ನನ್ನ ತಂಗಿ. ಸಕ್ರಪ್ಪನವರು ನನ್ನ ಬೀಗರು. ಹಿಂಗಾಗಿ ಈ ನ್ಯಾಯದಿಂದ ನಾ ರಿಕ್ಯೂಸ್ ಆಗೇನಿ."

"ಅಬ್ಬಾ, ಎಂಥಾ ದೊಡ್ಡ ಮಾತು!" ಎಂದು ಮೊದಲು ತಲೆದೂಗಿದವನು ಸಕ್ರಪ್ಪ.

ಪಂಚಾಯ್ತಿಗೆ ಬಂದಿದ್ದ ಕಂಪನಿಯ ತಮಿಳು ಸಾಹೇಬರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಈ ಕೋರ್ಟಿನ ಮಾತು ಗೊತ್ತಿರಲಿಲ್ಲ. "ಹಾಗಂದ್ರೆ ಏನು ಸಾರ್?" ಎಂದರು.

"ತಕ್ಕಡಿ ಹಿಡದಾಂವ ತಾನಽ ಒಂದು ತಾಟಿನ್ಯಾಗ ಕುಂಡ್ರಬಾರದ್ರಿ ಸಾಹೇಬರ. ಕುಂಡ್ರೂ ಹಂಗಿದ್ರ ತಕ್ಕಡಿ ಬಿಡಬೇಕು."

ಸಾಹೇಬರು ಯೋಚಿಸಿದರು. "ನಮ್ಮೂರಲ್ಲೂ ಮಾಮನೇ ನ್ಯಾಯ ಹೇಳೋದು ಸಾರ್. ಮಾಮ ಎಲ್ಲಾ ಎದ್ದು ಹೋದ್ರೆ ಪಂಚಾಯತ್ ಇಲ್ಲ."

ಆದದ್ದೂ ಅದೇ. "ಸಕ್ರಪ್ಪ ನಮ್ಮ ಮಾವ. ನಾನೂ ಅದು ಆದೆ" ಎಂದು ಪಂಚರಲ್ಲೊಬ್ಬ ಬೀರಲಿಂಗ ಎದ್ದ. "ನನಗ ಅವರ ಟ್ರ್ಯಾಕ್ಟರ್ ಬೇಕಾಗ್ತೈತಿ, ನಾನೂ ಆದೆ" ಎಂದು ಹೊನ್ನೇಶ ಎದ್ದ. ಉಳಿದವರು ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಜಮಖಾನ ಖಾಲಿಯಾಯಿತು. ಊರಿಗೆ ಊರೇ ದೊಡ್ಡ ಮನುಷ್ಯರಿಂದ ತುಂಬಿಹೋಯಿತು, ಮುಳ್ಳು ಮಾತ್ರ ಬದುವಿನ ಮೇಲೆ ಹಾಗೇ ಇತ್ತು.

ಗುರುಸಿದ್ದವ್ವ ಕಟ್ಟೆಯ ಕೆಳಗೆ ಕಂಬಕ್ಕೆ ಆತು ಕೂತಿದ್ದಳು. ಪಕ್ಕದ ನೆಲವನ್ನು ಕೈಯಿಂದ ತಟ್ಟಿದಳು.

"ಅಣ್ಣಾ, ಬಾ, ಇಲ್ಲೆ ಕುಂಡ್ರು."

ಗಂಡಾಂತರ ಕಳೆಯಿತೆಂದು ಅವರು ಹೋಗಿ ಕೂತರು.

"ಪಂಚಿಕಿ ಬಿಟ್ಟಿ, ಛಲೋ ಆತು. ನೀ ಅಲ್ಲೆ ಕುಂತಿದ್ರ ನಿನಗ ನಾ ಏನೂ ಕೇಳಾಕ ಬರ್ತಿರಲಿಲ್ಲ. ಈಗ ನ್ಯಾಯ ಹೇಳಬ್ಯಾಡ, ಕಣ್ಣಿಲೆ ಕಂಡದ್ದು ಹೇಳು. ನನ್ನ ಮದುವಿ ಆದ ವರ್ಷ ತವರುಮನಿಯಿಂದ ಬಿತ್ತಾಕ ಬೀಜ ತಂದಿದ್ದಿ, ಚಕ್ಕಡಿ ಹೊಡಕೊಂಡು. ನನ್ನ ಹೊಲಕ್ಕ ಯಾ ದಾರಿ ಹಿಡದು ಬಂದಿ?"

ಸಾಹೇಬರು ಮುಂದಕ್ಕೆ ಬಾಗಿ ಖರೆ ಕುತೂಹಲದಿಂದ ಕೇಳಿದರು, "ಸಾಕ್ಷಿ ರಿಕ್ಯೂಸ್ ಆಗಬಹುದಾ ಸಾರ್?"

ಅಂಕಿತಾ ಅಷ್ಟು ದೂರ ಕಲಿಸಿರಲಿಲ್ಲ. ಕೊಟ್ರಪ್ಪನವರು ಸಕ್ರಪ್ಪನ ಮುಖ ನೋಡಿದರು, ಆಮೇಲೆ ಬಾಗಿಲ ಕಡೆ. ಅಲ್ಲಿ ಶಾಂಭವಿ ಚಹಾದ ತಾಟು ಹಿಡಿದು ನಿಂತಿದ್ದಳು.

"ಅಪ್ಪಾ, ನನ್ನ ಸಲುವಾಗಿ ಸುಮ್ಮನ ಕುಂತೀಯೇನು?" ಎಂದಳು. "ನಾಳೆ ಇವರು ನನ್ನ ದಾರಿ ಕಟ್ಟಿದ್ರ ಆಗೂ ರಿಕ್ಯೂಸ್ ಆಗಾಂವೇನು?"

ಕೊಟ್ರಪ್ಪನವರು ಸಾಹೇಬರ ಕಡೆ ತಿರುಗಿದರು.

"ದಾರಿ ಇತ್ರಿ ಸಾಹೇಬರ. ಅದಽ ಬದುವಿನ ಮ್ಯಾಲೆ. ಚಕ್ಕಡಿ ಹೊಡದಾಂವ ನಾನಽ."

ಸಕ್ರಪ್ಪ ಎದ್ದು ನಿಂತ. "ಶಾಂಭವೀ, ಚಹಾ ಒಳಗ ಒಯ್ಯಿ" ಎಂದ. ಶಾಂಭವಿ ಕಟ್ಟೆ ಇಳಿದು ಬಂದು ಮೊದಲ ಕಪ್ಪನ್ನು ಸೋದರತ್ತೆಯ ಕೈಗೆ ಕೊಟ್ಟಳು.