ಖಾಜಾಬಿ ಚಾಚಿಯ ಲಿಂಬಿ ಶರಬತ್ತು

ಇಡೀ ಓಣಿಗೆ ಸಾಕಾಗುವಷ್ಟು ಶರಬತ್ತನ್ನು ಒಂದು ಹನಿಯೂ ರುಚಿ ನೋಡದೆ ಮಾಡಿದವಳನ್ನು ನಾನು ಒಬ್ಬಳನ್ನೇ ಕಂಡಿದ್ದೇನೆ, ಖಾಜಾಬಿ ಚಾಚಿಯನ್ನು. ರಂಜಾನ್ ತಿಂಗಳಲ್ಲಿ ಬಾದಾಮಿಯ ನಮ್ಮ ಓಣಿಯ ಮಸೂತಿಗೆ ಸಂಜೆ ರೋಜಾ ಬಿಡುವ ಹೊತ್ತಿಗೆ ಹೋಗುತ್ತಿದ್ದ ಲಿಂಬಿ ಶರಬತ್ತು ಆಕೆಯ ಮನೆಯದು. ಮಾಡುವಾಗ ಆಕೆಗೂ ಉಪವಾಸ. ನಾಲಗೆಗೆ ಹಚ್ಚಿ ಉಗುಳಿದರೆ ನಡೆಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಚಾಚಿ ಒಪ್ಪಲಿಲ್ಲ.

ಆಕೆ ಹಣ್ಣು ಹಿಂಡುವುದನ್ನು ನೋಡುತ್ತ ನಾನು ಕೆಲಸ ಮರೆತು ನಿಂತದ್ದುಂಟು. ಲಿಂಬಿಯನ್ನು ಅಂಗೈಯಲ್ಲಿ ಹೊರಳಿಸಿ, ಅಡ್ಡಕ್ಕೆ ಕೊಯ್ದು, ಒಂದೇ ಸಲ ಮೆತ್ತಗೆ ಹಿಂಡಿ ಬಿಟ್ಟುಬಿಡುತ್ತಿದ್ದಳು. ಸಿಪ್ಪೆಯಲ್ಲಿ ಉಳಿದ ರಸ ಉಪ್ಪಿನಕಾಯಿಗೆ. ಸಕ್ಕರೆ ಪಾಕ ಪೂರ್ತಿ ಆರುವ ತನಕ ರಸವನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಪಾಕವನ್ನು ಬೆರಳಲ್ಲಿ ಉಜ್ಜಿ ನೋಡುವಳು, ಬೋಗುಣಿಗೆ ಮೂಗು ಹಿಡಿದು ಕಣ್ಣು ಮುಚ್ಚುವಳು. ಆಮೇಲೆ ಹಸಿ ಶುಂಠಿಯ ರಸ, ಚಿಟಿಕೆ ಉಪ್ಪು, ನೆನೆಸಿದ ಕಾಮಕಸ್ತೂರಿ ಬೀಜ. ಇದು ಇಳಕಲ್ಲಿನ ಅವಳ ತವರಿನದು. ಬೇಸಗೆಯಲ್ಲಿ ಮಗ್ಗದ ಕುಣಿಯಲ್ಲಿ ಕೂತ ನೇಕಾರರಿಗೆ ಅವಳ ತಾಯಿ ಮಾಡಿ ಕೊಡುತ್ತಿದ್ದಳಂತೆ.

ನಾನು ಹುನಗುಂದದ ಕಡೆಯಿಂದ ಸೊಸೆಯಾಗಿ ಬಂದವಳು. ನಮ್ಮದು ಬೀರಪ್ಪ ದೇವರ ಒಕ್ಕಲು. ಚಾಚಿಯ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಬಂದ ವರ್ಷದ ರಂಜಾನಿನಲ್ಲಿ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕೂಗಿದಳು: “ನೀಲವ್ವಾ, ನಿನ್ನ ನಾಲಗಿ ತಗೊಂಡು ಬಾ.” ಉಪವಾಸ ಇಲ್ಲದ ನಾಲಗೆಯೊಂದು ಬೇಕಿತ್ತು, ಅಷ್ಟೇ. ಅಂದು ನೆಂಟರ ಹೆಂಗಸರು ಬಂದು ಹಣ್ಣು ಹಿಂಡಲು ಕೈಹಚ್ಚಿದ್ದರು. ನಾನು ಗುಟುಕರಿಸಿ, ಚಲೋ ಐತ್ರಿ ಎಂದೆ.

“ಚಲೋ ಐತಿ ಅನ್ನಾಕ ನಿನ್ನ ಕರದಿಲ್ಲ,” ಎಂದಳು ಚಾಚಿ. “ಏನೈತಿ ಅದನ್ನ ಹೇಳು.”

ಕೊನೆಗೆ ತುಸು ಕಹಿ ಬರುತ್ತದೆ ಎಂದೆ. ಹೆಂಗಸರು ಸಿಪ್ಪೆ ಗಟ್ಟಿಯಾಗಿ ಹಿಂಡಿಬಿಟ್ಟಿದ್ದರು. ಚಾಚಿ ಬೋಗುಣಿ ಪೂರ್ತಿ ಚೆಲ್ಲಲು ಹೇಳಿದಳು. ಹೊತ್ತು ಇಳಿಯುತ್ತಿತ್ತು. ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ಕೇಳಿ ಇಷ್ಟೂ ಚೆಲ್ಲುವುದೇ ಎಂದು ನೆಂಟರು ಗೊಣಗಿದರು.

“ದಿನಾಪೂರ್ತಿ ಒಣಗಿದ ಗಂಟಲಕ್ಕ ಇಳಿಯೂದು ಇದು,” ಎಂದಳು ಚಾಚಿ. “ಹಸದ ನಾಲಗಿಗಿ ಎಲ್ಲಾನೂ ರುಚಿ. ಅಕಿ ಹೇಳಿದ್ದ ಖರೆ. ಚೆಲ್ರಿ.”

ಗಂಡನ ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ಕೂಡ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ನನ್ನ ಒಂದು ಮಾತಿಗೆ ತುಂಬಿದ ಬೋಗುಣಿ ಬಚ್ಚಲಿಗೆ ಹೋದದ್ದನ್ನು ಕಂಡು ಮೈ ಝುಮ್ಮೆಂದಿತು. ಅಂದಿನಿಂದ ಪ್ರತಿ ರಂಜಾನಿಗೂ ನಾನೇ ಚಾಚಿಯ ನಾಲಗೆ. ಆಕೆಯ ಮುಂದೆ ಬಾಯುಪಚಾರದ ಮಾತು ನನಗೆ ಬಾರದೇ ಹೋಯಿತು.

ಹೋದ ರಂಜಾನಿನಲ್ಲಿ ಚಾಚಿ ಬಾಗಲಕೋಟೆಯ ದವಾಖಾನೆ ಸೇರಿದಳು. ಶರಬತ್ತು ಸೊಸೆ ಶಬಾನಾಳ ಪಾಲಿಗೆ ಬಂತು. ಆ ಹುಡುಗಿಗೋ ಭಯ. ಅತ್ತೆಯ ಕೈಗುಣ ತನಗಿಲ್ಲ, ಅವರು ಹೂಂ ಅನ್ನದಿದ್ದರೆ ನಾಳೆಯಿಂದ ಅಂಗಡಿಯ ಬಾಟಲಿ ಶರಬತ್ತು ತರಿಸಿಬಿಡುತ್ತೇನೆ ಎಂದು ಕೂತಳು. ಅವಳು ಮಾಡಿದ್ದನ್ನು ಒಂದು ಸೀಸೆಯಲ್ಲಿ ಹಾಕಿಸಿಕೊಂಡು ನಾನು ಬಸ್ಸು ಹತ್ತಿದೆ.

ಚಾಚಿ ಹಾಸಿಗೆಗೆ ಅಂಟಿಹೋಗಿದ್ದಳು. ಬಾಯಿಂದ ಏನೂ ಕೊಡಬಾರದು ಎಂದಿದ್ದರು ಡಾಕ್ಟರು. ಸೀಸೆ ನೋಡಿ ಆಕೆಗೆ ಎಲ್ಲ ತಿಳಿಯಿತು. ನೀನೇ ಕುಡಿ ಎಂದು ಕಣ್ಣಲ್ಲೇ ಹೇಳಿದಳು. ಕುಡಿದೆ. ಚೆನ್ನಾಗಿದೆ ಎಂದುಬಿಟ್ಟರೆ ಈ ಜೀವಕ್ಕೂ ನೆಮ್ಮದಿ, ಶಬಾನಾಳೂ ಧೈರ್ಯ ತಂದುಕೊಳ್ಳುತ್ತಾಳೆ. ಖರೆ ಹೇಳಿದರೆ ಇಳಕಲ್ಲಿನ ಶರಬತ್ತು ಇಲ್ಲಿಗೇ ಮುಗಿಯುತ್ತದೆ. ಆದರೂ ಸುಳ್ಳು ಬಾಯಿಗೆ ಬರಲಿಲ್ಲ.

“ನಿಮ್ಮದರಂಗ ಇಲ್ರಿ ಚಾಚಿ. ಹುಳಿ ಮುಂದ ಬರ್ತೈತಿ. ಸಿಹಿ ಹಿಂದ ಉಳೀತೈತಿ.”

“ಕಹಿ?”

“ಇಲ್ರಿ.”

ಆಕೆ ಕಣ್ಣು ಮುಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು:

“ನಮ್ಮವ್ವಂದು ಹಿಂಗ ಇತ್ತು. ನಾ ಲಗ್ನಾಗಿ ಇಲ್ಲಿಗಿ ಬಂದಾಗ, ಮಂದಿ ಹುಳಿ ಅಂದಾರು ಅಂತ ಅಂಜಿ ಸಕ್ರಿ ಏರಿಸಿದೆ. ಆಮ್ಯಾಲ ಇಳಸಾಕ ಧೈರ್ಯ ಬರಲಿಲ್ಲ. ಶಬಾನಾಗ ಹೇಳು, ಸಕ್ರಿ ಮುಟ್ಟಬ್ಯಾಡಂತ.”

ಅಷ್ಟು ವರ್ಷ ನಾನು ಬೆರಗಾಗಿ ನೋಡಿದ ಹೆಂಗಸೂ ಒಮ್ಮೆ ಅಂಜಿದ ಸೊಸೆಯಾಗಿದ್ದಳು ಎಂಬುದು ನನಗೆ ತಿಳಿದದ್ದು ಅವತ್ತೇ. ಆಕೆಯ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು. ಊರಿಗೆ ಮರಳಿ ಆ ಮಾತು ಮುಟ್ಟಿಸಿದ ಮೇಲೆ ಶಬಾನಾ ಅಂಗಡಿಯ ಬಾಟಲಿಯ ಮಾತು ಎತ್ತಲಿಲ್ಲ.

ಈದಿಗೆ ಮೊದಲೇ ಚಾಚಿ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನವೂ ಮಸೂತಿಯಲ್ಲಿ ಜನ ಉಪವಾಸವಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಾಕ ನಮ್ಮ ಒಲೆಯ ಮೇಲೆ ಕುದಿಯಿತು. ಶಬಾನಾ ನಮ್ಮ ಪಡಸಾಲೆಯಲ್ಲಿ ಕೂತು, ಅಳುತ್ತಲೇ, ಒಂದೊಂದೇ ಲಿಂಬಿಯನ್ನು ಮೆತ್ತಗೆ ಹಿಂಡಿದಳು. ಚಾಚಿಯ ನೆನಪಿನಲ್ಲಿ ನನ್ನ ಕೈ ನನಗೆ ತಿಳಿಯದೆಯೇ ಇನ್ನೊಂದು ಹಿಡಿ ಸಕ್ಕರೆ ಎತ್ತಿತು.

ಶಬಾನಾ ನನ್ನ ಕೈ ಹಿಡಿದಳು. “ಸಾಕ್ರಿ ಅಕ್ಕಾರ,” ಎಂದಳು.