ಅಲೆಯುವ ಚುಕ್ಕಿಯ ಮೇಲೊಂದು ಕಣ್ಣು

ನನ್ನ ತಮ್ಮ ತನ್ನ ನೆರಳನ್ನೂ ನಂಬುವವನಲ್ಲ. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಕಳ್ಳರ ಮೇಲೆ ಕಣ್ಣಿಡುವುದು ಅವನ ಕೆಲಸ; ಅಲ್ಲಿ ಎಲ್ಲರ ಬಾಯಲ್ಲೂ ಅವನು ‘ಹದ್ದು’. ಹೆಂಡತಿ ತೀರಿಕೊಂಡ ಮೇಲೆ ಅವನ ಮಗಳನ್ನು ಸಾಕಿದವಳು ನಾನು, ಸೋದರತ್ತೆ. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗಿದೆ.

ಅವನ ಕಸುಬಿಗೊಂದು ರೀತಿಯಿದೆ. ಸಾಲಿನಲ್ಲಿ ನಿಂತವರನ್ನು, ಬೆಲೆ ಕೇಳುವವರನ್ನು ನೋಡಬೇಕಾಗಿಲ್ಲ. ಸುಮ್ಮನೆ ಅಡ್ಡಾಡಿ, ನಿಂತು, ಬಂದ ದಾರಿಗೇ ತಿರುಗುವವನನ್ನು ನೋಡಬೇಕು. ಗುಮಾನಿ ಬಂದ ಮಾತ್ರಕ್ಕೆ ಕೈ ಹಿಡಿಯುವಂತಿಲ್ಲ. ಹತ್ತಿರ ಹೋಗಿ, ಬೆನ್ನು ಬಾಗಿಸಿ, ಬೆಣ್ಣೆಯಂಥ ದನಿಯಲ್ಲಿ “ಏನು ಬೇಕಿತ್ತು ಸ್ವಾಮಿ?” ಎನ್ನಬೇಕು. ಕಳ್ಳನಾದರೆ ಜಾಗ ಖಾಲಿ ಮಾಡುತ್ತಾನೆ. ಆ ಅಂಗಡಿಯಲ್ಲಿ ಇವನಿಂದ ಹೆಚ್ಚು ಮರ್ಯಾದೆ ಸಿಗುವುದು ಕಳ್ಳರಿಗೇ.

ಮಗಳಿಗೆ ವಸ್ತುಸಂಗ್ರಹಾಲಯದಲ್ಲಿ ಕೆಲಸ. ಅಲ್ಲಿ ಹಳೆಯ ಕಾಲದ ಗ್ರಹದೇವತೆಗಳಿಗೆಂದೇ ಹೊಸ ಕೋಣೆ ಸಿದ್ಧವಾಗುತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ಇವನು ಕೇಳಿದ, “ಆಕಾಶದ ತುಂಬ ಚುಕ್ಕಿ ಇರುವಾಗ ಹಿಂದಿನೋರು ಗ್ರಹಗಳಿಗೇ ಯಾಕೆ ಪೂಜೆ ಮಾಡಿದ್ರು?”

“ಉಳಿದ ಚುಕ್ಕಿಗಳೆಲ್ಲ ಒಟ್ಟಿಗೇ ಸಾಗ್ತವೆ, ಸಾಲು ತಪ್ಪಲ್ಲ. ಬರಿಗಣ್ಣಿಗೆ ಕಾಣೋ ಈ ಐದು ಗ್ರಹ ಮಾತ್ರ ಅವುಗಳ ಮಧ್ಯೆ ಅಲೀತವೆ, ನಿಲ್ತವೆ, ಹಿಂದಕ್ಕೆ ತಿರುಗ್ತವೆ. ತಾವಾಗೇ ಓಡಾಡ್ತವೆ ಅಂದ್ರೆ ಮನಸ್ಸಿರಬೇಕು ಅಂದ್ಕೊಂಡ್ರು. ಮನಸ್ಸಿದ್ರೆ ಸಿಟ್ಟೂ ಇರುತ್ತಲ್ಲ? ಕೆಂಪಗಿರೋದು ಯುದ್ಧ ತರುತ್ತೆ ಅಂತ ಹೆದರಿದ್ರು, ಕೈ ಮುಗಿದ್ರು.”

“ಅಂದ್ರೆ ಭಕ್ತಿ ಅಲ್ಲ, ಗುಮಾನಿ. ಅವರೂ ನಮ್ಮ ಕಸುಬಿನೋರೇ,” ಎಂದು ಬೀಗಿದ.

“ಬೆಳಕು ಕಂಡು ಬೆರಗೂ ಆಗಿದ್ರಪ್ಪ. ಅದು ನಿನಗೆ ಅರ್ಥ ಆಗಲ್ಲ ಬಿಡು.”

ಕೋಣೆಯ ಕೆಲಸ ಜೋರಾದಂತೆ ಅವಳು ತಡವಾಗಿ ಬರತೊಡಗಿದಳು. ಇವನ ಮಾತು ಜೇನಾಯಿತು. “ಸುಸ್ತಾಯ್ತಾ ಪುಟ್ಟಿ? ಟೀ ಮಾಡಿಕೊಡ್ಲಾ?” ಎನ್ನುತ್ತ ಅವಳ ಚೀಲ ಇಸಿದುಕೊಳ್ಳುವುದು, ಅವಳ ಚಪ್ಪಲಿಯ ಧೂಳು ನೋಡುವುದು. ಅವಳ ಮುಖ ಸಣ್ಣಗಾಗುವುದು ನನಗೆ ಕಾಣುತ್ತಿತ್ತು.

“ಅವಳು ನಿನ್ನ ಮಗಳು ಕಣೋ, ಅಂಗಡಿಗೆ ಬಂದ ಗಿರಾಕಿಯಲ್ಲ,” ಎಂದೆ.

“ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಅಕ್ಕ? ಯಾವನೋ ಇದ್ದಾನೆ. ಒಂದಿನ ಹೇಳದೇ ಕೇಳದೇ ಹೊರಟುಬಿಡ್ತಾಳೆ. ಅವಳೂ ಹೋದ್ರೆ ನನಗೆ ಯಾರಿದ್ದಾರೆ?”

ಎದುರಿಗೆ ಕಲ್ಲುಕಂಬದಂತೆ ನಾನು ನಿಂತಿದ್ದೆ. ಹಾಳಾದವನಿಗೆ ನಾನು ಲೆಕ್ಕಕ್ಕೇ ಇಲ್ಲ.

ಒಂದು ಶನಿವಾರ ಸಂಜೆ ಅವಳ ಬೆನ್ನು ಹತ್ತಿದ. ಅವಳು ಸೇತುವೆ ದಾಟಿ, ಟೈಲರ್ ಅಂಗಡಿಯ ಪಕ್ಕದ ಮನೆಯ ಗೇಟಿಗೆ ಕೈ ಹಾಕಿ, ಯಾಕೋ ತಿರುಗಿ ನೋಡಿದಳು. ಇವನು ಹಣ್ಣಿನ ಗಾಡಿಯ ಹಿಂದೆ ದಡಕ್ಕನೆ ಕುಕ್ಕರಿಸಿದ. ಮಂಡಿನೋವಿನವನು, ಏಳಲಾಗಲಿಲ್ಲ. ಅವಳೇ ಬಂದು ಕೈಕೊಟ್ಟು ಎಬ್ಬಿಸಿದಳು.

“ಯಾರವನು?” ಎಂದ.

“ಯಾರೂ ಇಲ್ಲಪ್ಪ. ತಡ ಆಗ್ತಿದ್ದಿದ್ದು ಕೆಲಸದಿಂದಾನೇ. ಆದ್ರೆ ನೀನು ಸಿಹಿಯಾಗಿ ಮಾತಾಡೋಕೆ ಶುರು ಮಾಡಿದ ಮೇಲೆ ಮನೇಲಿ ಉಸಿರು ಕಟ್ಟೋ ಹಾಗಾಯ್ತು. ಅದಕ್ಕೆ ಇಲ್ಲೊಂದು ಬಾಡಿಗೆ ರೂಮು ನೋಡಿದ್ದೆ. ನಿನ್ನ ಮಂಡಿ ನೆನೆಸಿಕೊಂಡು ಮನಸ್ಸು ಬರಲಿಲ್ಲ. ಬೇಡ ಅಂತ ಹೇಳೋಕೇ ಬಂದೆ.”

“ಸರಿ ಮತ್ತೆ, ಹೇಳಿ ಬಾ. ಮನೆಗೆ ಹೋಗೋಣ.”

ಅವಳು ಅವನ ಪ್ಯಾಂಟಿಗೆ ಮೆತ್ತಿದ ಮಣ್ಣನ್ನು ಕೊಡವಿದಳು. “ಈಗ ರೂಮು ಬೇಕು ಅಂತಾನೇ ಹೇಳ್ತೀನಪ್ಪ,” ಎಂದು ಒಳಗೆ ಹೋದಳು.

ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಹೇಳುವಾಗ ಅತ್ತಳು, ನಾನೂ ಅತ್ತೆ. ಮರುದಿನ ಅವಳ ಹಾಸಿಗೆಯನ್ನು ಇವನೇ ಸುರುಳಿ ಸುತ್ತಿ ಹೆಗಲಿಗೇರಿಸಿದ. ಕುಂಟುತ್ತ ಅವಳಿಗಿಂತ ಮುಂದೆ ನಡೆದ. ಅವಳು ಹಿಂದೆ ಬರುತ್ತಿದ್ದಾಳೋ ಇಲ್ಲವೋ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.