ಮುಚ್ಚಿಟ್ಟ ಕ್ರಿಸ್ಮಸ್ ಕಳ್ಳಿ

ಕಳೆದ ತಿಂಗಳು ನಮ್ಮತ್ತೆ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡರು. (ನನ್ನ ವಯಸ್ಸು ನಲವತ್ತಾರು!) ಅಪರಾಧ ಏನು ಗೊತ್ತೇ? ಬಾಲ್ಕನಿಯಲ್ಲಿ ಟಾರ್ಚ್ ಹಾಕಿ ಒಂದು ಗಿಡವನ್ನು ನೋಡಿದ್ದು.

ಗಿಡ ಲೀನಾ ಆಂಟಿಯದು. ಥಾಣೆ ಹತ್ತಿರದ ಘಣಸೋಲಿಯ ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಮಂಗಳೂರಿನವರು. ಮನೆ ಬದಲಿಸಿ ಕಲ್ಯಾಣ್ ಊರಿಗೆ ಹೋಗುವಾಗ, ತಮ್ಮ ಅಮ್ಮ ಬೆಳೆಸಿದ ಕ್ರಿಸ್ಮಸ್ ಕಳ್ಳಿಯಿಂದ ನಾಲ್ಕು ತುಂಡು ಮುರಿದು ಕೊಟ್ಟಿದ್ದರು. "ಎರಡು ದಿನ ನೆರಳಲ್ಲಿ ಒಣಗ್ಲಿ, ಮತ್ತೆ ನೆಡು. ನೀರು ಸ್ವಲ್ಪವೇ. ಆಮೇಲೆ ಅದನ್ನು ಮರೆತುಬಿಡು."

ಮರೆಯುವುದೇ? ಥಾಣೆ ಲೋಕಲ್ ರೈಲು ಎಲ್ಲಿದೆ ಎಂದು ನಿಮಿಷಕ್ಕೊಮ್ಮೆ ಆ್ಯಪ್ ನೋಡುವವಳು ನಾನು. ಬೇರು ಬಂತೇ ಎಂದು ದಿನಾ ಕಿತ್ತು ನೋಡಿದೆ. ಮೂರು ತುಂಡು ಕೊಳೆತವು. ನಾಲ್ಕನೆಯದು ಉಳಿದದ್ದು ನಾನು ಉಡುಪಿಗೆ ಹೋಗಿದ್ದರಿಂದ.

ಈ ಮಳೆಗಾಲದಲ್ಲಿ ಆಂಟಿಯ ಮೂಲ ಗಿಡವೇ ಕೊಳೆತುಹೋಯಿತು. ಫೋನಿನಲ್ಲಿ ಅತ್ತೇಬಿಟ್ಟರು. "ಅಮ್ಮನದ್ದು ಅಂತ ಉಳಿದದ್ದು ನಿನ್ನ ಹತ್ರ ಮಾತ್ರ. ಕ್ರಿಸ್ಮಸ್‌ಗೆ ಬಾಲಯೇಸುವಿನ ಗೋದಲಿ ಹತ್ರ ಇಡ್ಲಿಕ್ಕೆ ಹೂ ಸಮೇತ ಕೊಡ್ತೀಯಾ?" ಹೂಂ ಅಂದೆ. ಮೂರು ವರ್ಷದಲ್ಲಿ ಅದು ಒಂದೂ ಹೂ ಬಿಟ್ಟಿಲ್ಲ ಎನ್ನಲು ಬಾಯಿ ಬರಲಿಲ್ಲ.

ತಳಿಯೇ ಬೇರೆಯೋ? ಮೊಬೈಲಿನಲ್ಲಿ ಓದಿದೆ: ಎಲೆಯಂಥ ದಂಟಿನ ಅಂಚಿನಲ್ಲಿ ಚೂಪು ಹಲ್ಲಿದ್ದರೆ ನವೆಂಬರಿನಲ್ಲಿ ಹೂ ಬಿಡುವುದು, ದುಂಡಗಿದ್ದರೆ ಡಿಸೆಂಬರಿನದು. ಬೆರಳಾಡಿಸಿದೆ, ದುಂಡಗೇ ಇತ್ತು. ಮುಂದೆ ಓದಿದರೆ, ಮೊಗ್ಗು ಕಟ್ಟಲು ಇದಕ್ಕೆ ಆರು ವಾರ ಸಂಜೆಯಿಂದ ಬೆಳಗಿನವರೆಗೆ ಪೂರಾ ಕತ್ತಲೆ ಬೇಕಂತೆ!

ನಮ್ಮಲ್ಲಿ ಕತ್ತಲೆ ಎಲ್ಲಿಂದ? ನಮ್ಮವರು ರಬಾಳೆಯ ಹೋಟೆಲ್ ಮುಚ್ಚಿ ಬರುವವರೆಗೆ ಬಾಲ್ಕನಿ ಲೈಟ್ ಉರಿಯಲೇಬೇಕು. "ಮಗ ಹೊರಗಿರುವಾಗ ದೀಪ ಆರಿಸ್ಲಿಕ್ಕಿಲ್ಲ. ಬೇಕಾದ್ರೆ ಗಿಡವನ್ನು ಮುಚ್ಚು," ಅಂದರು ಅತ್ತೆ. ಹೋಟೆಲಿನಿಂದ ರಟ್ಟಿನ ಪೆಟ್ಟಿಗೆ ಬಂತು. ತುಳಸಿಗೆ ದೀಪ ಇಟ್ಟು ಕಳ್ಳಿಗೆ ಪೆಟ್ಟಿಗೆ ಮುಚ್ಚುವುದು ಅತ್ತೆಯ ಕೆಲಸವಾಯಿತು.

ಬೆಳಿಗ್ಗೆ ಏಳಕ್ಕೆ ಥಾಣೆಯ ವಾಗ್ಳೆ ಎಸ್ಟೇಟಿನ ಆಫೀಸಿಗೆ ಹೊರಟು, ಸಂಜೆ ಏಳಕ್ಕೆ ಮರಳುವವಳು ನಾನು. ಭಾನುವಾರದವರೆಗೆ ಕಾಯುವುದು ಹೇಗೆ? ದಿನಾ ಬಂದವಳೇ ಪೆಟ್ಟಿಗೆ ಎತ್ತಿ, ಟಾರ್ಚ್ ಬಿಟ್ಟು, ಮೊಗ್ಗು ಹುಡುಕುತ್ತಿದ್ದೆ. ಹಾಗೆ ಸಿಕ್ಕಿಬಿದ್ದೆ.

"ಎಂತ ಮಾರಾಯ್ತಿ! ನಾನು ಮುಚ್ಚುದು, ನೀನು ಬೆಳಕು ಬಿಡುದು. ಹೀಗಾದ್ರೆ ಹೂವಾಗುದುಂಟಾ?"

ನಾಚಿಕೆಯಾಯಿತು. ಲೈಟನ್ನು ಬೈದುಕೊಂಡು ಟಾರ್ಚ್ ಹಿಡಿದಿದ್ದೆನಲ್ಲ! ಅಂದಿನಿಂದ ಸಂಜೆ ನನಗೆ ಬಾಲ್ಕನಿ ಬಂದ್.

ಮೊನ್ನೆ ಭಾನುವಾರ ಬೆಳಿಗ್ಗೆ ಅತ್ತೆಯೇ ಕರೆದು ತೋರಿಸಿದರು. ಐದು ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮೊಗ್ಗು. ಕಣ್ಣು ತುಂಬಿತು. ಆಂಟಿಗೆ ಫೋನ್ ಮಾಡಿ, ಈಗಲೇ ತಂದುಕೊಡುತ್ತೇನೆ ಎಂದೆ.

"ಬೇಡ ಬೇಡ! ಕುಂಡ ಅಲುಗಿದ್ರೆ ಮೊಗ್ಗು ಉದುರ್ತದೆ. ಅರಳಿದ ಮೇಲೆ ನಾನೇ ಬರ್ತೇನೆ. ಅಲ್ಲಿವರೆಗೆ ಮುಟ್ಬೇಡ."

ಕ್ರಿಸ್ಮಸ್‌ಗೆ ಇನ್ನೂ ಇಪ್ಪತ್ತು ದಿನ. ಅಲ್ಲಿಯವರೆಗೆ ಈ ಎರಡು ಕೈಗಳನ್ನು ಎಲ್ಲಿಡಲಿ, ನೀವೇ ಹೇಳಿ?